ಮೇರುವಿಲ್ಲದ ಮಾಲೆ

ನಮ್ಮ ಅಜ್ಜಿಯ ಜಪಮಾಲೆಯಲ್ಲಿ 108 ತುಳಸೀಮಣಿಗಳೂ, ದಾರದ ಗಂಟು ಬಿದ್ದ ಕಡೆಯಲ್ಲಿ ಕೆಂಪು ಕುಚ್ಚನ್ನು ಹೊತ್ತು ಕುಳಿತ ಒಂದು ದಪ್ಪ ಮಣಿಯೂ ಇದ್ದುವು. ಬೆಳಗಿನ ಹೊತ್ತು, ಒಲೆಗೆ ಬೆಂಕಿ ಕಾಣಿಸುವುದಕ್ಕೆ ಮೊದಲು, ಅವರು ನಡುಮನೆಯ ಕಂಬಕ್ಕೆ ಒರಗಿ, ಬಲಗೈಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿರುವಾಗ, ಆ ದಪ್ಪ ಮಣಿ ಬೆರಳಿಗೆ ತಗುಲಿದೊಡನೆ ಕೈ ನಿಲ್ಲುತ್ತಿದ್ದಿತು. ಅದನ್ನು ದಾಟದೆ, ಮಾಲೆಯನ್ನು ಹಿಂದುಮುಂದಾಗಿ ತಿರುಗಿಸಿ, ಬಂದ ದಾರಿಯಲ್ಲಿಯೇ ಎಣಿಕೆ ಮರಳುತ್ತಿದ್ದಿತು. ಅದನ್ನೇಕೆ ದಾಟಬಾರದೆಂದು ನಾನು ಒಮ್ಮೆ ಕೇಳಿದೆ. "ಅದು ಮೇರು ಕಣೋ, ಮೇರುವನ್ನು ಯಾರಾದರೂ ದಾಟುತ್ತಾರೆಯೇ?" ಎಂದರು. ಮೇರು ಇಲ್ಲದೆ ಹೋದರೆ ಏನಾಗುವುದೆಂದು ಮತ್ತೆ ಕೇಳಿದ್ದಕ್ಕೆ, "ಎಲ್ಲಿ ಶುರುಮಾಡಿದೆ ಅನ್ನುವುದೇ ತಿಳಿಯದು. ಗಾಣದೆತ್ತಿನ ಹಾಗೆ ತಿರುಗುತ್ತಾ ಇರಬೇಕಷ್ಟೆ" ಎಂದು ಹೇಳಿ ಕಣ್ಣು ಮುಚ್ಚಿಕೊಂಡರು.

ಆ ಮಾತಿನಲ್ಲಿ ಗಣಿತದ ಒಂದು ಪ್ರಮೇಯವೇ ಅಡಗಿದ್ದಿತೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ತರುವಾಯ, ಕಾಲೇಜಿನ ತರಗತಿಯಲ್ಲಿ ಕ್ರಮಯೋಜನೆಯೆಂಬ ಪಾಠ ನಡೆಯುತ್ತಿದ್ದಾಗ. ಹುಣ್ಣಿಮೆಯ ರಾತ್ರಿಗಳಲ್ಲಿ ಅದೇ ಅಜ್ಜಿ ಅಂಗಳದ ನಡುವೆ ಮೊಸರನ್ನದ ಪಾತ್ರೆಯನ್ನು ಮುಂದಿಟ್ಟುಕೊಂಡು ಕುಳಿತಿರಲು, ಮೊಮ್ಮಕ್ಕಳಾದ ನಾವು ನಾಲ್ವರು ಸುತ್ತಲೂ ಅಂಗೈ ಚಾಚಿ ಕೈತುತ್ತಿಗಾಗಿ ಕಾದಿರುತ್ತಿದ್ದ ಚಿತ್ರವನ್ನೇ ನಿದರ್ಶನವಾಗಿ ಗ್ರಹಿಸಬಹುದು. ಮಧ್ಯಾಹ್ನ ಜಗಲಿಯ ಅಂಚಿನಲ್ಲಿ ಎಲೆ ಹಾಕಿ ಸಾಲಾಗಿ ಕೂರಿಸಿದಾಗ ಮೊದಲನೆಯ ಎಲೆಗೆ ನಾಲ್ವರಲ್ಲಿ ಯಾರಾದರೂ ಸಲ್ಲುವರು. ಅವರು ಕುಳಿತ ಮೇಲೆ ಎರಡನೆಯದಕ್ಕೆ ಮೂವರಲ್ಲೊಬ್ಬರು, ಮೂರನೆಯದಕ್ಕೆ ಇಬ್ಬರಲ್ಲೊಬ್ಬರು, ಕೊನೆಯದಕ್ಕೆ ಉಳಿದವರು. ಹೀಗೆ 4, 3, 2, 1 ಇವುಗಳ ಗುಣಲಬ್ಧವಾದ 24 ವಿಧಗಳಲ್ಲಿ ಪಂಕ್ತಿ ಏರ್ಪಡಬಲ್ಲುದು. ರಾತ್ರಿಯ ಊಟದಲ್ಲಿ ಹಾಗಲ್ಲ. ಎಲ್ಲರೂ ಎದ್ದು ಒಂದೊಂದು ಸ್ಥಾನ ಬಲಕ್ಕೆ ಸರಿದು ಕುಳಿತರೂ ಯಾರ ಎಡಗಡೆಯವರೂ ಬದಲಾಗುವುದಿಲ್ಲ, ಯಾರ ಬಲಗಡೆಯವರೂ ಬದಲಾಗುವುದಿಲ್ಲ. ನನ್ನ ಬಲಕ್ಕಿದ್ದು ನನ್ನ ತುತ್ತಿನ ಮೇಲೆಯೇ ಕಣ್ಣಿಟ್ಟಿದ್ದ ತಮ್ಮನು ಸರಿದ ಮೇಲೂ ಬಲಕ್ಕೇ ಇರುವನು. ಸಾಲಿನಲ್ಲಿ ಬೇರೆ ಬೇರೆಯೆನಿಸುವ ನಾಲ್ಕು ಕ್ರಮಗಳು ವೃತ್ತದಲ್ಲಿ ಒಂದೇ ಆಗಿ ಕೂಡಿಹೋಗುವುದರಿಂದ, 24 ವಿಧಗಳು 6ಕ್ಕೆ ಇಳಿಯುತ್ತವೆ. ಇದನ್ನೇ ಇನ್ನೊಂದು ಬಗೆಯಾಗಿಯೂ ಕಾಣಬಹುದು: ನಾಲ್ವರಲ್ಲಿ ಒಬ್ಬನನ್ನು, ಯಾರನ್ನಾದರೂ ಸರಿಯೆ, ಮೇರುವೆಂದು ಕಲ್ಪಿಸಿ ಅಲುಗದಂತೆ ಕೂರಿಸಿಬಿಟ್ಟರೆ, ಉಳಿದ ಮೂವರು ಅವನ ಬಲಗಡೆಯಿಂದ ಹೊರಟು ಎಡಗಡೆಗೆ ಬಂದು ಸೇರುವ ಒಂದು ಸಾಲಾಗುತ್ತಾರೆ, ಆ ಸಾಲಿಗೆ 3, 2, 1 ಇವುಗಳ ಗುಣಲಬ್ಧ 6. ಸುತ್ತಲೂ ಕುಳಿತವರು ಎಷ್ಟೇ ಮಂದಿಯಾಗಲಿ, ಒಬ್ಬರನ್ನು ಕಳೆದು ಉಳಿದವರನ್ನು ಸಾಲಾಗಿ ಎಣಿಸತಕ್ಕದ್ದು ಎಂಬುದೇ ವೃತ್ತದ ಸೂತ್ರ.

ಇಷ್ಟು ಸುಲಭವಾದ ಮಾತನ್ನು ಮನುಷ್ಯರು ಎಂದು ಕೇಳಿಕೊಂಡರು, ಎಲ್ಲಿ ಕೇಳಿಕೊಳ್ಳದೆ ಹೋದರು ಎಂಬುದನ್ನು ಹುಡುಕುತ್ತ ಹೋದಂತೆ ನನಗೆ ಅಚ್ಚರಿಯಾದುದುಂಟು. ವಿನ್ಯಾಸಗಳನ್ನು ಎಣಿಸುವ ವಿದ್ಯೆಯಲ್ಲಿ ಭಾರತೀಯರಷ್ಟು ಹಿಂದೆಯೇ, ಅವರಷ್ಟು ಆಸಕ್ತಿಯಿಂದ ತೊಡಗಿದವರು ವಿರಳ. ಪಿಂಗಲನ ಛಂದಃಶಾಸ್ತ್ರದ ಕಡೆಯ ಅಧ್ಯಾಯದಲ್ಲಿ ಗುರುಲಘುಗಳನ್ನು ಹರವಿ ತೋರಿಸುವ ಪ್ರಸ್ತಾರ, ಹರವಿದ್ದರಲ್ಲಿ ಕಳೆದುಹೋದುದನ್ನು ಹುಡುಕುವ ನಷ್ಟ, ಕಂಡುದಕ್ಕೆ ಸಂಖ್ಯೆಯನ್ನು ಹೇಳುವ ಉದ್ದಿಷ್ಟ ಮುಂತಾದ ಪ್ರತ್ಯಯಗಳು ಆಗಲೇ ಸಿದ್ಧವಾಗಿದ್ದುವು. ಹತ್ತನೆಯ ಶತಮಾನದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಹಲಾಯುಧನು, ಪಾಸ್ಕಲನ ತ್ರಿಕೋನವೆಂದು ಈಗ ನಮ್ಮ ಮಕ್ಕಳು ಕಲಿಯುವ ಅಂಕಗಳ ಗೋಪುರವನ್ನು ಮೇರುಪ್ರಸ್ತಾರವೆಂಬ ಹೆಸರಿನಿಂದ ವಿವರಿಸಿದನು. ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿಯಲ್ಲಿಯೂ ಪ್ರತ್ಯಯಗಳಿಗೆ ಸ್ಥಳ ದೊರೆತಿದೆ. ಛಂದಸ್ಸಿಗೆ ಹೀಗೊಂದು ಮೇರುವಿದ್ದಿತು, ನಿಜ. ಆದರೆ ಅದು ಶಿಖರವನ್ನು ಮೇಲಿಟ್ಟುಕೊಂಡು ಕೆಳಗೆ ಹರಡುವ ಪರ್ವತವೇ ಹೊರತು ಮಾಲೆಯ ಮೇರುವಲ್ಲ.

ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವನ್ನು ತೆರೆದವರಿಗೆ ಈ ಕುತೂಹಲ ಇನ್ನೂ ಹೆಚ್ಚಾಗುವುದು. ಇಷ್ಟು ವಸ್ತುಗಳಿಂದ ಇಷ್ಟನ್ನು ಆಯ್ದರೆ ಎಷ್ಟು ಭೇದಗಳಾಗುವುವೆಂಬುದಕ್ಕೆ ಸರ್ವಸಾಧಾರಣವಾದ ಸೂತ್ರವನ್ನು ಅವನು ಕೊಟ್ಟಿದ್ದಾನೆ. ಕೊಟ್ಟ ಮೇಲೆ ಉದಾಹರಣೆಗೆಂದು ಆರು ರಸಗಳ ಭೇದವನ್ನು ಕೇಳುತ್ತಾನೆ. ಅದು ವೈದ್ಯರಿಗೂ ಪರಿಚಿತವಾದ 63. ಅನಂತರ ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತು ಈ ಐದರಿಂದ ಕಟ್ಟಿದ ಮಾಲೆಯಲ್ಲಿ ಎಷ್ಟು ಬಗೆಗಳೆಂದು ಕೇಳುತ್ತಾನೆ. ಕೇದಗೆ, ಅಶೋಕ, ಸಂಪಗೆ, ನೀಲೋತ್ಪಲಗಳ ಮಾಲೆಯನ್ನೂ ಮುಂದಿಡುತ್ತಾನೆ. ಮಾಲೆ! ಓದುಗನ ಎದೆ ಇಲ್ಲಿ ಒಂದು ಕ್ಷಣ ನಿಲ್ಲುವುದು. ಇದೀಗ ಆಚಾರ್ಯನು ಮಾಲೆಯನ್ನು ಎತ್ತಿ ಹಿಡಿದು, ಇದಕ್ಕೆ ತುದಿಯೆಲ್ಲಿ, ಮೊದಲೆಲ್ಲಿ ಎಂದು ಕೇಳಿಯಾನೆಂದು ಕಾಯುವೆವು. ಅವನು ಕೇಳುವುದಿಲ್ಲ. ಒಂದೇ ರತ್ನದ ಮಾಲೆ 5, ಎರಡರದು 10, ಮೂರರದು 10, ನಾಲ್ಕರದು 5, ಐದರದು 1, ಒಟ್ಟು 31 ಎಂದು ಲೆಕ್ಕ ಮುಗಿಯುವುದು. ಯಾವ ಯಾವ ರತ್ನಗಳನ್ನು ಆರಿಸಿದೆ ಎಂಬುದಷ್ಟೇ ಅವನಿಗೆ ಬೇಕಾದುದು, ಅವು ಕೊರಳ ಸುತ್ತ ಯಾವ ಕ್ರಮದಲ್ಲಿ ಕುಳಿತುವೆಂಬುದಲ್ಲ. ಅರಮನೆಯ ಅಕ್ಕಸಾಲಿಗನನ್ನು ಕೇಳಿದ್ದರೆ ಆ ಇನ್ನೊಂದು ಪ್ರಶ್ನೆಯನ್ನು ಅವನೇ ಎತ್ತುತ್ತಿದ್ದನೇನೊ.

ಭಾಸ್ಕರಾಚಾರ್ಯನು ಕ್ರಿ.ಶ. 1150ರಲ್ಲಿ ಬರೆದ ಲೀಲಾವತಿಯ ಅಂಕಪಾಶವೆಂಬ ಪ್ರಕರಣದಲ್ಲಿ ವೃತ್ತವು ಇನ್ನೂ ಸಮೀಪಕ್ಕೆ ಬರುತ್ತದೆ. ಸ್ಥಾನಗಳನ್ನು ಅದಲುಬದಲು ಮಾಡುವುದರಿಂದ ಉಂಟಾಗುವ ಭೇದಗಳಿಗೆ ಅವನು ಆರಿಸಿಕೊಂಡ ಉದಾಹರಣೆಗಳು ದೇವತಾಮೂರ್ತಿಗಳು. ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ಶೂಲ, ಖಟ್ವಾಂಗ, ಶಕ್ತಿ, ಬಾಣ, ಬಿಲ್ಲು ಎಂಬ ಹತ್ತನ್ನು ಹತ್ತು ಕೈಗಳಲ್ಲಿ ಬದಲಾಯಿಸಿ ಹಿಡಿದರೆ ಶಂಭುವಿಗೆ ಎಷ್ಟು ಮೂರ್ತಿಭೇದಗಳು? 36,28,800. ಗದೆ, ಚಕ್ರ, ಪದ್ಮ, ಶಂಖಗಳನ್ನು ನಾಲ್ಕು ಕೈಗಳಲ್ಲಿ ಹಿಡಿದ ಹರಿಗೆ ಎಷ್ಟು? 24. ಮೊದಲನೆಯದು ಗಣಿತಜ್ಞನ ಲೀಲೆಯಾದರೆ, ಎರಡನೆಯದು ಶಿಲ್ಪಿಗಳ ಕೈಯಲ್ಲಿ ದಿನದಿನವೂ ರೂಪು ತಳೆಯುತ್ತಿದ್ದ ಸಂಗತಿ. ಆಚಮನಮಾಡುವಾಗ ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಉಚ್ಚರಿಸುವ 24 ನಾಮಗಳಿಗೆ ಈ 24 ವಿನ್ಯಾಸಗಳನ್ನು ಒಂದೊಂದಾಗಿ ಹಂಚಿ, ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನ ಗೋಡೆಗಳ ಮೇಲೆ ಈ ಚತುರ್ವಿಂಶತಿ ಮೂರ್ತಿಗಳನ್ನು ಕಡೆದಿರುವುದನ್ನು ಹಾಸನ ಮೈಸೂರು ಸೀಮೆಗಳಲ್ಲಿ ತಿರುಗಾಡಿದವರು ಕಂಡಿರುತ್ತಾರೆ.

ಯಾವ ನಾಮಕ್ಕೆ ಯಾವ ವಿನ್ಯಾಸವೆಂಬ ವಿಷಯದಲ್ಲಿ ಆಗಮಗಳೂ ಪುರಾಣಗಳೂ ಪರಸ್ಪರ ಒಪ್ಪುವುದಿಲ್ಲ. ಬಹುಪ್ರಚಲಿತವಾದ ಒಂದು ಕ್ರಮವನ್ನು ಹಿಡಿದು ನೋಡೋಣ. ಮೂರ್ತಿಯ ಕೆಳಗಿನ ಬಲಗೈಯಿಂದ ಹೊರಟು, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂದು ಪ್ರದಕ್ಷಿಣವಾಗಿ ಓದಿದರೆ, ಕೇಶವನ ಕೈಗಳಲ್ಲಿ ಪದ್ಮ, ಶಂಖ, ಚಕ್ರ, ಗದೆ. ನಾರಾಯಣನಲ್ಲಿ ಶಂಖ, ಪದ್ಮ, ಗದೆ, ಚಕ್ರ. ಮಾಧವನಲ್ಲಿ ಗದೆ, ಚಕ್ರ, ಶಂಖ, ಪದ್ಮ. ಗೋವಿಂದನಲ್ಲಿ ಚಕ್ರ, ಗದೆ, ಪದ್ಮ, ಶಂಖ. ಈಗ ಕೈಗಳನ್ನು ಮರೆತು, ನಾಲ್ಕು ಆಯುಧಗಳೂ ಒಂದು ಪ್ರಭಾವಳಿಯ ಮೇಲೆ ತಿರುಗುತ್ತಿವೆಯೆಂದು ಭಾವಿಸಿರಿ. ಕೇಶವನ ಪ್ರಭಾವಳಿಯನ್ನು ಅರ್ಧ ಸುತ್ತು ತಿರುಗಿಸಿದರೆ ಗೋವಿಂದನು ಮೂಡುತ್ತಾನೆ. ಮಾಧವನು ಕೇಶವನ ಕನ್ನಡಿಯ ಬಿಂಬ. ನಾರಾಯಣನು ಆ ಮಾಧವನನ್ನೇ ಅರ್ಧ ಸುತ್ತು ತಿರುಗಿಸಿದ ರೂಪ. ಮೊದಲ ನಾಲ್ಕು ನಾಮಗಳೂ ಹೀಗೆ ಪರಸ್ಪರ ಪ್ರತಿಬಿಂಬಗಳಾದ ಎರಡೇ ಚಕ್ರಗಳಲ್ಲಿ ಅಡಗಿಹೋಗುತ್ತವೆ, ಮತ್ತು 24 ಮೂರ್ತಿಗಳೂ ಸೇರಿ ಆರೇ ಚಕ್ರಗಳಾಗುತ್ತವೆ. ಬೆಳದಿಂಗಳ ಊಟಕ್ಕೆ ಕುಳಿತ ನಾವು ನಾಲ್ವರು ಮಕ್ಕಳಿಗೆ ದೊರೆತ ಅದೇ ಆರು. ಆದರೆ ಭಾಸ್ಕರನಿಗೆ 24 ಬೇಕಾಗಿದ್ದಿತೇ ಹೊರತು 6 ಅಲ್ಲ, ಅದು ಸಹಜವೂ ಅಹುದು. ಏಕೆಂದರೆ ದೇವರ ಕೈಗಳು ಒಂದರಂತೆ ಇನ್ನೊಂದಿಲ್ಲ. ಕೆಳಗಿನ ಬಲಗೈ ಎಂದಿಗೂ ಕೆಳಗಿನ ಬಲಗೈಯೇ. ಮೂರ್ತಿಯ ಶರೀರವೇ ಅಲ್ಲಿ ಮೇರುವಾಗಿ ನಿಂತಿದೆ.

ನಮ್ಮವರು ಎಣಿಸಿದ್ದೆಲ್ಲ ಸಾಲುಗಳನ್ನೇ ಎಂದಮೇಲೆ ಅದಕ್ಕೆ ಕಾರಣವೊಂದಿರಬೇಕು. ಈ ವಿದ್ಯೆ ಹುಟ್ಟಿದ್ದು ಛಂದಸ್ಸಿನ ತೊಟ್ಟಿಲಿನಲ್ಲಿ ಎಂಬುದೇ ಆ ಕಾರಣವೆಂದು ನನ್ನ ಊಹೆ. ಪದ್ಯಪಾದವು ಕಾಲದಲ್ಲಿ ಹರಿಯುವ ವಸ್ತು. ಅದಕ್ಕೆ ಆದಿಯಿದೆ, ಅಂತ್ಯವಿದೆ, ಹರಿದುಹೋದುದು ಹಿಂದಿರುಗದು. ಸಂಗೀತವೂ ಹಾಗೆಯೇ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ರಾಜ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಸಪ್ತಸ್ವರಗಳನ್ನು ಅದಲುಬದಲು ಮಾಡಿ ಬರುವ 5040 ತಾನಗಳನ್ನು ಲೆಕ್ಕಹಾಕಿ, ಅವುಗಳಲ್ಲಿ ಬೇಕಾದುದನ್ನು ಹೆಕ್ಕುವುದಕ್ಕೆ ಖಂಡಮೇರುವೆಂಬ ಕೋಷ್ಟಕವನ್ನೂ ಕೊಟ್ಟನು. ಭಾಸ್ಕರನ ಮೊಮ್ಮಗನಾದ ಚಂಗದೇವನು ಅದೇ ಸಿಂಘಣನಿಗೆ ಜ್ಯೋತಿಷಿಯಾಗಿದ್ದನೆಂಬುದನ್ನು ನೆನೆದರೆ, ಅಂಕಪಾಶವೂ ಸ್ವರಪ್ರಸ್ತಾರವೂ ಒಂದೇ ಸಭಾಂಗಣದಲ್ಲಿ ನೆರೆಹೊರೆಯಾಗಿ ಬಾಳಿದುವೆನ್ನಬಹುದು. ಊಟದಲ್ಲಿಯೂ ನಮ್ಮದು ಪಂಕ್ತಿಯೇ. ಆ ಮಾತಿನ ಅರ್ಥವೇ ಸಾಲು. ಸಾಲಿಗೆ ತಲೆಯುಂಟು, ತಲೆಯಿದ್ದಲ್ಲಿ ಅಗ್ರಸ್ಥಾನವುಂಟು, ಅಗ್ರಸ್ಥಾನವಿದ್ದಲ್ಲಿ ಜಗಳವುಂಟು: ರಾಜಸೂಯದ ಸಭೆಯಲ್ಲಿ ಅಗ್ರಪೂಜೆ ಯಾರಿಗೆಂಬ ಒಂದೇ ಮಾತಿನಿಂದ ಶಿಶುಪಾಲನ ತಲೆಯುರುಳಿದ್ದು ಗಮಕಿಗಳ ಬಾಯಲ್ಲಿ ನಮ್ಮ ಊರೂರುಗಳಿಗೂ ತಿಳಿದ ಕಥೆ.

ಹಾಗೆಂದು ವೃತ್ತವು ನಮ್ಮ ಛಂದಸ್ಸಿಗೆ ಸರ್ವಥಾ ಅಪರಿಚಿತವಾಗಿದ್ದಿತೆಂದರೆ ಅದೂ ತಪ್ಪಾದೀತು. ಬಾಗಿಲಿನಿಂದ ಬಾರದೆ ಕಿಟಕಿಯಿಂದ ಬಂದುದುಂಟು. ಎಂಟು ಗಣಗಳನ್ನು ನೆನಪಿಡುವುದಕ್ಕಾಗಿ ಸಂಸ್ಕೃತ ಪಾಠಶಾಲೆಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಿದ್ದ 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಕೇಳಿರದವರು ಕಡಮೆ. ಯಾವ ಗಣದ ಲಕ್ಷಣ ಬೇಕೋ ಆ ಅಕ್ಷರದಿಂದ ಹಿಡಿದು ಮೂರು ಅಕ್ಷರಗಳನ್ನು ಓದಿಕೊಂಡರಾಯಿತು: 'ಯಮಾತಾ' ಎಂದರೆ ಲಘು, ಗುರು, ಗುರು, ಅದೇ ಯಗಣ, 'ಮಾತಾರಾ' ಮೂರೂ ಗುರು, ಮಗಣ, 'ನಸಲ' ಮೂರೂ ಲಘು, ನಗಣ. ಈ ಹತ್ತು ಅಕ್ಷರಗಳಲ್ಲಿ ಕಡೆಯ ಎರಡಾದ 'ಲಗಂ' ಎಂಬುದು ಲಘು ಮತ್ತು ಗುರು. ಮೊದಲಿನ ಎರಡಾದ 'ಯಮಾ' ಎಂಬುದೂ ಲಘು ಮತ್ತು ಗುರುವೇ. ಆದುದರಿಂದ ಕಡೆಯ ಎರಡನ್ನು ಕತ್ತರಿಸಿ ಎಸೆದು, ಉಳಿದ ಎಂಟನ್ನು ಬಾಗಿಸಿ ತುದಿಗೆ ತುದಿ ಸೇರಿಸಿದರೆ, ಸರ್ಪವು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಂತೆ ಒಂದು ವರ್ತುಲವಾಗಿ, ಅದರ ಎಂಟು ಸ್ಥಾನಗಳಿಂದಲೂ ಎಂಟು ಗಣಗಳು ಒಂದೂ ತಪ್ಪದೆ, ಒಂದೂ ಮರುಕಳಿಸದೆ ಹೊರಡುತ್ತವೆ. ಎಂಟು ಮಂದಿ ಹುಡುಗರನ್ನು ಸುತ್ತಲೂ ನಿಲ್ಲಿಸಿ, ಗುರುವಾದವರು ನಿಂತೂ ಲಘುವಾದವರು ಕುಳಿತೂ ಇರಲೆಂದು ಹೇಳಿ, ಯಾರಿಂದ ಹೊರಟರೂ ಬಲಕ್ಕೆ ಮೂವರನ್ನು ಓದಿಕೊಳ್ಳುತ್ತ ಹೋದರೆ ಈ ಚಮತ್ಕಾರವು ಕಣ್ಣಿಗೇ ಕಾಣುವುದು. ಇಂಥ ವರ್ತುಲಗಳು ಒಟ್ಟಿನಲ್ಲಿ ಎಷ್ಟೆಂಬುದನ್ನು ಫ್ರಾನ್ಸಿನ ಫ್ಲೈ ಸೇಂಟ್-ಮರೀ 1894ರಲ್ಲಿ ಎಣಿಸಿದನು, ಮೂರಕ್ಷರದ ಗಣಗಳಿಗೆ ಎರಡೇ, ನಮ್ಮದೊಂದು, ಅದನ್ನು ಹಿಂದುಮುಂದಾಗಿ ಓದಿದುದೊಂದು, ನಾಲ್ಕಕ್ಷರಕ್ಕೆ 16. ಜನರು ಅದನ್ನು ಮರೆತಿರಲಾಗಿ 1946ರಲ್ಲಿ ಹಾಲೆಂಡಿನ ಡಿ ಬ್ರೂಯಿನ್ ಮತ್ತೆ ಕಂಡುಹಿಡಿದನು, ಹೆಸರು ಅವನದಾಯಿತು.

ಜನರನ್ನು ಸುತ್ತಲೂ ಕೂರಿಸಿ ಎಣಿಸುವ ಕಾರ್ಯವು ನಡೆದದ್ದು ಊಟಕ್ಕೆ ಮೇಜಿನ ಸುತ್ತ ಕೂರುವ ಯೂರೋಪಿನಲ್ಲಿ. ಅಲ್ಲಿಯೂ ಮೂಲದಲ್ಲಿದ್ದುದು ಅಗ್ರಸ್ಥಾನದ ವ್ಯಾಜ್ಯವೇ. ಆರ್ಥರ್ ದೊರೆಯು ತನ್ನ ಸರದಾರರಲ್ಲಿ ಯಾರೂ ತಾನು ಮೇಲು, ನೀನು ಕೀಳು ಎನ್ನದಿರಲೆಂದು ದುಂಡುಮೇಜನ್ನು ಮಾಡಿಸಿದನೆಂಬ ಕಥೆಯನ್ನು ವಾಸ್ ಎಂಬ ನಾರ್ಮನ್ ಕವಿ 1155ರಲ್ಲಿ ಹೇಳಿದನು. ಇಂಗ್ಲೆಂಡಿನ ವಿಂಚೆಸ್ಟರಿನ ಕೋಟೆಯ ಸಭಾಂಗಣದಲ್ಲಿ ಹದಿಮೂರನೆಯ ಶತಮಾನದ ಒಂದು ಓಕ್ ಮರದ ದುಂಡುಮೇಜಿನ ಹಲಗೆಯನ್ನು ಗೋಡೆಗೆ ನೇತುಹಾಕಿದ್ದಾರೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಅದರ ಮೇಲೆ ಬಣ್ಣ ಬಳಿದು, ರಾಜನಿಗೂ 24 ಮಂದಿ ಸರದಾರರಿಗೂ ಸ್ಥಾನಗಳನ್ನು ಗುರುತಿಸಲಾಯಿತು. ಮೇಲುಕೀಳಿಲ್ಲದ ಮೇಜು ಎಂದರೂ ರಾಜನ ಚಿತ್ರ ಬರೆದಿರುವ ಒಂದು ಸ್ಥಾನವು ಮಾತ್ರ ಉಳಿದವುಗಳಿಂದ ಬೇರೆಯಾಗಿ ಮೇಲೆ ಎದ್ದು ಕಾಣುತ್ತದೆ. ಅದನ್ನು ನೋಡಿದಾಗ ಕೆಂಪು ಕುಚ್ಚಿನ ದಪ್ಪ ಮಣಿಯ ನೆನಪಾಗದಿರದು. ರಾಜನನ್ನು ಅಲುಗಿಸದೆ ಉಳಿದ 24 ಮಂದಿಯನ್ನು ಬದಲಾಯಿಸಿ ಕೂರಿಸುವ ವಿಧಗಳ ಸಂಖ್ಯೆಯನ್ನು ಬರೆಯಲು 24 ಅಂಕಿಗಳೇ ಬೇಕಾಗುತ್ತವೆ.

ವೃತ್ತದ ಸೂತ್ರವನ್ನು ನಾನು ಕಂಡಮಟ್ಟಿಗೆ ಸ್ಪಷ್ಟವಾದ ಪ್ರಶ್ನೆಯಾಗಿ ನಿಲ್ಲಿಸಿ ಬಿಡಿಸಿದವನು ಲೈಬ್ನಿಟ್ಸ್. 1666ರಲ್ಲಿ, ಇಪ್ಪತ್ತರ ತರುಣನಾಗಿ, ಲೈಪ್ಸಿಗ್ ನಗರದಲ್ಲಿ ಅವನು ಪ್ರಕಟಿಸಿದ ಸಂಯೋಜನಕಲೆಯ ಮೇಲಣ ಲ್ಯಾಟಿನ್ ಪ್ರಬಂಧದಲ್ಲಿ ಕ್ರಮಭೇದದ ಪ್ರಶ್ನೆಯಾದ ಒಡನೆಯೇ ನೆರೆಯ ಭೇದದ ಪ್ರಶ್ನೆ ಬರುತ್ತದೆ. ಯಾರು ಮೊದಲು, ಯಾರು ಕಡೆ ಎಂಬುದನ್ನು ಬಿಟ್ಟು, ಯಾರಿಗೆ ಯಾರು ನೆರೆ ಎಂಬುದನ್ನು ಮಾತ್ರ ಹಿಡಿದರೆ ಭೇದಗಳೆಷ್ಟು ಎಂದು ಅವನು ಕೇಳಿ, ಒಂದು ಕಡಮೆಯಾದ ಸಂಖ್ಯೆಯ ಕ್ರಮಭೇದಗಳಷ್ಟು ಎಂದು ಉತ್ತರ ಕೊಟ್ಟನು. 'ನೆರೆ' ಎಂಬ ಆ ಶಬ್ದದ ಆಯ್ಕೆ ನನಗೆ ಬಹಳ ಹಿಡಿಸಿದೆ. ವೃತ್ತದಲ್ಲಿ ಕುಳಿತವನಿಗೆ ಸ್ಥಾನವಿಲ್ಲ. ನೆರೆಹೊರೆ ಮಾತ್ರ ಉಂಟು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಇಗರ್ಜಿಗಳಲ್ಲಿ ಗಂಟೆ ಬಾರಿಸುವವರ ನಡುವೆ ಒಂದು ವಿಚಿತ್ರ ವ್ಯಸನವು ಹಬ್ಬಿಕೊಂಡಿದ್ದಿತು. ಮುದ್ರಣದ ವೃತ್ತಿಯಲ್ಲಿದ್ದ ಫೇಬಿಯನ್ ಸ್ಟೆಡ್‌ಮನ್ 1677ರಲ್ಲಿ ಈ ಕಲೆಯ ಬಗ್ಗೆ ಗ್ರಂಥವನ್ನೇ ಬರೆದನು. ಗೋಪುರದ ಕೋಣೆಯಲ್ಲಿ ಹಗ್ಗಗಳು ಮೇಲಿನಿಂದ ವರ್ತುಲವಾಗಿ ಇಳಿಬಿದ್ದಿರಲು, ಬಾರಿಸುವವರು ಒಬ್ಬರ ಮುಖವನ್ನೊಬ್ಬರು ನೋಡುತ್ತ ಸುತ್ತಲೂ ನಿಂತು, ಏಳು ಗಂಟೆಗಳ ಕ್ರಮವನ್ನು ಒಮ್ಮೆ ಬಂದುದು ಮತ್ತೆ ಬಾರದಂತೆ ಬದಲಾಯಿಸುತ್ತ 5040 ಬಾರಿ ಬಾರಿಸುವರು. ನಾರ್ವಿಚ್‌ನ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಇಗರ್ಜಿಯಲ್ಲಿ 1715ರ ಮೇ 2ರಂದು ಅದು ಪೂರ್ಣವಾಗಿ ನೆರವೇರಿತು. ದೇವಗಿರಿಯ ತಾನಗಳ 5040 ಇದೇ ಎಂದು ಬೇರೆ ಹೇಳಬೇಕಾಗಿಲ್ಲ. ನಿಂತದ್ದು ಸುತ್ತಲೂ, ಬಾರಿಸಿದ್ದು ಸಾಲಾಗಿ, ಕಿವಿಗೆ ವೃತ್ತವೆಂಬುದಿಲ್ಲ.

ದುಂಡುಮೇಜಿನ ಗಣಿತವು ಪೂರ್ತಿಯಾಗಿ ಅರಳಿದ್ದು ಎಡುವಾರ್ಡ್ ಲೂಕಾಸ್ ಎಂಬ ಫ್ರೆಂಚ್ ಮೇಷ್ಟರ ಕೈಯಲ್ಲಿ. 1842ರಲ್ಲಿ ಅಮಿಯೆನ್ ಪಟ್ಟಣದಲ್ಲಿ ಹುಟ್ಟಿ, ಪ್ಯಾರಿಸಿನ ಪ್ರೌಢಶಾಲೆಗಳಲ್ಲಿ ಪಾಠ ಹೇಳಿಕೊಂಡಿದ್ದ ಈ ಮನುಷ್ಯನಿಗೆ ಮಕ್ಕಳ ಆಟಗಳಲ್ಲಿಯೂ ಮನರಂಜನೆಯ ಸಮಸ್ಯೆಗಳಲ್ಲಿಯೂ ಅಪಾರವಾದ ಪ್ರೀತಿಯಿದ್ದಿತು. ಕಾಶಿಯ ದೇವಾಲಯವೊಂದರಲ್ಲಿ ಪೂಜಾರಿಗಳು 64 ಚಿನ್ನದ ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುತ್ತಿರುವರೆಂಬ ಕಟ್ಟುಕಥೆಯೊಡನೆ 1883ರಲ್ಲಿ ಮಾರಾಟಕ್ಕೆ ಬಂದ ಹನಾಯ್ ಗೋಪುರದ ಆಟಿಕೆಯೂ ಇವನದೇ. ಅದೇ ವರ್ಷ ಬಂದ ಮನೋರಂಜಕ ಗಣಿತದ ಸಂಪುಟದಲ್ಲಿ ಅವನು ಮಕ್ಕಳ ಸುತ್ತುಕುಣಿತದ ಸಮಸ್ಯೆಯೊಂದನ್ನು ಚರ್ಚಿಸಿದನು: ಒಂದಷ್ಟು ಮಕ್ಕಳು ಕೈಹಿಡಿದು ಸುತ್ತಲೂ ಕುಣಿಯುವರು, ಪ್ರತಿಯೊಂದು ಮಗುವೂ ಉಳಿದ ಪ್ರತಿಯೊಂದು ಮಗುವಿನ ಕೈಯನ್ನು ಒಮ್ಮೆ, ಒಮ್ಮೆ ಮಾತ್ರ, ಹಿಡಿಯುವಂತೆ ಕುಣಿತಗಳನ್ನು ಏರ್ಪಡಿಸುವುದು ಹೇಗೆ? ವಲೆಕಿ ಎಂಬ ಇನ್ನೊಬ್ಬ ಉಪಾಧ್ಯಾಯನು ತೋರಿಸಿಕೊಟ್ಟ ಉಪಾಯವನ್ನು ಏಳು ಮಕ್ಕಳಿಗೆ ಅನ್ವಯಿಸಿ ನೋಡಬಹುದು. ಆರು ಮಕ್ಕಳನ್ನು ಗಡಿಯಾರದ ಮುಖದಂತೆ ಸುತ್ತಲೂ ನಿಲ್ಲಿಸಿ 1ರಿಂದ 6ರವರೆಗೆ ಸಂಖ್ಯೆ ಕೊಟ್ಟು, ಏಳನೆಯ ಮಗುವನ್ನು ನಡುವೆ ನಿಲ್ಲಿಸಬೇಕು. ನಡುವಿನ ಮಗುವಿನಿಂದ ಹೊರಟ ದಾರವೊಂದು 1, 2, 6, 3, 5, 4 ಎಂದು ಅಂಕುಡೊಂಕಾಗಿ ಎಲ್ಲರನ್ನೂ ಮುಟ್ಟಿ ನಡುವಿಗೆ ಮರಳಿದರೆ ಅದು ಮೊದಲನೆಯ ಕುಣಿತದ ಕ್ರಮ. ಆ ಅಂಕುಡೊಂಕನ್ನೇ ಒಂದು ಮನೆ ಸರಿಸಿದರೆ 2, 3, 1, 4, 6, 5 ಎಂದು ಎರಡನೆಯದು. ಇನ್ನೊಂದು ಮನೆ ಸರಿಸಿದರೆ 3, 4, 2, 5, 1, 6 ಎಂದು ಮೂರನೆಯದು. ಮೂರೇ ಕುಣಿತಗಳಲ್ಲಿ 21 ಜೋಡಿಗಳೂ ಮುಗಿದುಹೋಗುತ್ತವೆ, ಒಂದೂ ಎರಡು ಸಲ ಬರುವುದಿಲ್ಲ. ನಮ್ಮ ಕಡೆಯ ಜಡೆಕೋಲಾಟದಲ್ಲಿ ಹಗ್ಗ ಹಿಡಿದು ಒಳಗೆ ಹೊರಗೆ ನುಸುಳುತ್ತ ಜಡೆ ಹೆಣೆದು, ಮತ್ತೆ ಅದೇ ಹೆಜ್ಜೆಗಳನ್ನು ತಿರುಗುಮುರುಗಾಗಿ ಹಾಕಿ ಜಡೆ ಬಿಚ್ಚುವವರನ್ನು ಕಂಡವರಿಗೆ ಈ ದಾರದ ನಡೆ ಹೊಸದೆನಿಸಲಾರದು. ಕೋಲಾಟದವರು ಅದನ್ನು ಕೋಪು ಎನ್ನುತ್ತಾರೆ, ಎಣಿಸುವುದಿಲ್ಲ, ಅಷ್ಟೆ.

1891ರಲ್ಲಿ ಪ್ರಕಟವಾದ ಸಂಖ್ಯಾಸಿದ್ಧಾಂತದ ಗ್ರಂಥದಲ್ಲಿ ಲೂಕಾಸನು ತನ್ನ ಪ್ರಸಿದ್ಧವಾದ ದಂಪತಿಗಳ ಸಮಸ್ಯೆಯನ್ನು ಇಟ್ಟನು. ಗಂಡಹೆಂಡಿರ ಕೆಲವು ಜೋಡಿಗಳನ್ನು ದುಂಡುಮೇಜಿನ ಸುತ್ತ, ಒಬ್ಬ ಹೆಂಗಸಿನ ಪಕ್ಕಕ್ಕೊಬ್ಬ ಗಂಡಸು ಬರುವಂತೆ, ಆದರೆ ಯಾವ ಗಂಡನೂ ತನ್ನ ಹೆಂಡತಿಯ ಪಕ್ಕಕ್ಕೆ ಬಾರದಂತೆ ಕೂರಿಸಬೇಕು, ವಿಧಗಳೆಷ್ಟು? ಔತಣಗಳಲ್ಲಿ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಮಾತಿಗೆ ಹೊಸ ನೆರೆಯನ್ನು ಒದಗಿಸುವುದು ಅಲ್ಲಿಯ ಗೃಹಿಣಿಯರ ಶಿಷ್ಟಾಚಾರ. ಲೂಕಾಸನು ಅದನ್ನೇ ಗಣಿತಕ್ಕೆ ಎತ್ತಿಕೊಂಡನು. ಮೂರು ಜೋಡಿಗಳಾದರೆ ಸಂಗತಿ ಸರಳ. ಮೂವರು ಹೆಂಗಸರು ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಕುಳಿತಿದ್ದಾರೆ. ನಡುನಡುವೆ ಮೂರು ಕುರ್ಚಿಗಳು ಖಾಲಿ. ಪ್ರತಿಯೊಬ್ಬ ಗಂಡನಿಗೂ ಹೆಂಡತಿಯ ಎಡಬಲಗಳ ಎರಡು ಕುರ್ಚಿಗಳು ನಿಷಿದ್ಧ. ಉಳಿದುದು ಅವಳಿಗೆ ನೇರ ಎದುರಿನದೊಂದೇ. ಆದುದರಿಂದ ಗಂಡಸರು ಕೂರುವ ವಿಧ ಒಂದೇ ಒಂದು. ನಾಲ್ಕು ಜೋಡಿಗಳಿಗೆ 2, ಐದಕ್ಕೆ 13, ಆರಕ್ಕೆ 80, ಏಳಕ್ಕೆ 579. ಒಂದು, ಎರಡು, ಹದಿಮೂರು ಎಂದು ಜಿಗಿಯುವ ಈ ಸಂಖ್ಯೆಗಳ ಹಿಂದೆ ಸುಲಭವಾದ ಗುಣಾಕಾರವಾವುದೂ ಇಲ್ಲದುದರಿಂದ ಪಂಡಿತರು ಬಹುಕಾಲ ತಿಣುಕಿದರು. ಇದೇ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಟೇಟ್ ಎಂಬ ಭೌತಶಾಸ್ತ್ರಜ್ಞನು ಲೂಕಾಸನಿಗಿಂತ ಮೊದಲೇ, ಔತಣಕ್ಕೆ ಯಾವ ಸಂಬಂಧವೂ ಇಲ್ಲದೆ, ದಾರದ ಗಂಟುಗಳನ್ನು ವಿಂಗಡಿಸುವಾಗ ಎತ್ತಿದ್ದನು. 1934ರಲ್ಲಿ ಟೂಶಾರ್ ಎಂಬವನು ಅಂದವಾದ ಸೂತ್ರವನ್ನು ಸಾಧನೆಯಿಲ್ಲದೆ ಹೇಳಿದನು, 1943ರಲ್ಲಿ ಕಪ್ಲಾನ್‌ಸ್ಕಿ ಸಾಧಿಸಿ ತೋರಿಸಿದನು.

ಎಲ್ಲರೂ ಲೆಕ್ಕಕ್ಕೆ ತೊಡಗುವಾಗ ಹೆಂಗಸರನ್ನು ಮೊದಲು ಕೂರಿಸಿ, ಆಮೇಲೆ ಗಂಡಸರನ್ನು ಕೂರಿಸುತ್ತಿದ್ದರು. ಅದು ಆ ದೇಶದ ಮರ್ಯಾದೆ. ಈ ಮರ್ಯಾದೆಯೇ ಲೆಕ್ಕವನ್ನು ಇಷ್ಟು ಗೋಜಲುಮಾಡಿತೆಂದೂ, ಯಾರನ್ನೂ ಮೊದಲು ಕೂರಿಸದೆ ದಂಪತಿಗಳಿಗೆ ಮೀಸಲಾದ ಪಕ್ಕದ ಜೋಡಿಕುರ್ಚಿಗಳನ್ನೇ ಮೊದಲು ಎಣಿಸಿದರೆ ಉತ್ತರ ನೇರವಾಗಿ ದೊರೆಯುವುದೆಂದೂ 1986ರಲ್ಲಿ ಬೋಗಾರ್ಟ್ ಮತ್ತು ಡಾಯ್ಲ್ ಎಂಬ ಇಬ್ಬರು ಅಮೆರಿಕನ್ನರು ತೋರಿಸಿದರು. ಆರು ದಂಪತಿಗಳಿಗೆ, ಕುರ್ಚಿಗಳನ್ನು ಗುರುತಿಟ್ಟು ಎಣಿಸಿದರೆ, ಒಟ್ಟು 1,15,200.

ಲೂಕಾಸನಿಗೆ ಈ ಯಾವುದನ್ನೂ ಕಾಣುವ ಯೋಗವಿರಲಿಲ್ಲ. ಗ್ರಂಥ ಪ್ರಕಟವಾದ ಆ ವರ್ಷವೇ, ಮಾರ್ಸೇ ನಗರದಲ್ಲಿ ನಡೆದ ವಿಜ್ಞಾನ ಸಮ್ಮೇಳನದ ಔತಣದಲ್ಲಿ, ಬಡಿಸುವವನ ಕೈಯಿಂದ ಜಾರಿಬಿದ್ದ ಪಿಂಗಾಣಿಯ ಚೂರೊಂದು ಸಿಡಿದು ಅವನ ಕೆನ್ನೆಗೆ ತಗುಲಿತು. ಗಾಯಕ್ಕೆ ನಂಜೇರಿ ಕೆಲವೇ ದಿನಗಳಲ್ಲಿ, 1891ರ ಅಕ್ಟೋಬರ್ 3ರಂದು, 49 ವರ್ಷದ ಅವನು ತೀರಿಕೊಂಡನು. ಔತಣದ ಸಮಸ್ಯೆಯನ್ನು ಒಡ್ಡಿದವನಿಗೆ ಔತಣವೇ ಮೃತ್ಯುವಾದುದನ್ನು ಕಾದಂಬರಿಯಲ್ಲಿ ಓದಿದ್ದರೆ ನಾವು ನಂಬುತ್ತಿರಲಿಲ್ಲ.

ಜನರನ್ನು ಬಿಟ್ಟು ಮಣಿಗಳಿಗೆ ಬಂದರೆ ಲೆಕ್ಕವು ಬೇರೊಂದು ದಾರಿ ಹಿಡಿಯುತ್ತದೆ. ಮನುಷ್ಯರಲ್ಲಿ ಒಬ್ಬನಂತೆ ಇನ್ನೊಬ್ಬನಿಲ್ಲ. ಮಣಿಗಳಲ್ಲಿ ಒಂದೇ ಬಣ್ಣದವು ಅನೇಕವಿರಬಹುದು. ಕೆಂಪು, ಬಿಳಿ ಎಂಬ ಎರಡು ಬಣ್ಣಗಳ ಮಣಿಗಳನ್ನು ಬೇಕಾದಂತೆ ಆರಿಸಿ ಆರು ಮಣಿಗಳ ಸಾಲನ್ನು ಕಟ್ಟುವ ವಿಧಗಳು 64. ಸುತ್ತಿದರೆ ಆರರಿಂದ ಭಾಗಿಸಬೇಕೆಂದು ಹೊರಟರೆ 64ನ್ನು 6 ಭಾಗಿಸದು! ಎಲ್ಲವೂ ಕೆಂಪಾದ ಮಾಲೆಯನ್ನು ಎಷ್ಟು ತಿರುಗಿಸಿದರೂ ಅದು ಒಂದೇ. ಕೆಂಪು ಬಿಳಿ ಎಡೆಬಿಟ್ಟು ಬರುವ ಮಾಲೆಗೆ ತಿರುಗುವಿಕೆಯಲ್ಲಿ ಎರಡೇ ರೂಪ. ಇದನ್ನೆಲ್ಲ ಸರಿದೂಗಿಸಿದರೆ ದೊರೆಯುವುದು 14, ಮಾಲೆಯನ್ನು ಮಗುಚಿಯೂ ನೋಡುವುದಾದರೆ 13. ಮೊರೋ ಎಂಬ ಫ್ರೆಂಚ್ ಸೈನಿಕನು 1872ರಲ್ಲಿ ತೊಡಗಿದ ಈ ಎಣಿಕೆಯು 1937ರಲ್ಲಿ ಪೋಲ್ಯಾ ಬರೆದ ಪ್ರಬಂಧದಲ್ಲಿ ರಸಾಯನಶಾಸ್ತ್ರದ ಅಣುಗಳವರೆಗೂ ಹಬ್ಬಿತು.

ಅಜ್ಜಿಯ ಮಾಲೆಯ ದಾರ ಒಂದು ಶ್ರಾವಣದಲ್ಲಿ ಹರಿದು, ಮಣಿಗಳೆಲ್ಲ ನಡುಮನೆಯ ಗಾರೆಯ ನೆಲದ ಮೇಲೆ ಉರುಳಿಹೋದುವು. ನಾನೂ ತಮ್ಮನೂ ಕಂಬದ ಬುಡ, ಒರಳಿನ ಸಂದು, ಪೆಟ್ಟಿಗೆಗಳ ಕೆಳಗೆಲ್ಲ ತಡವಿ, ಒಂದೊಂದಾಗಿ ಆಯ್ದು, ಎಣಿಸಿ, 108 ಆಯಿತೆಂದು ಖಾತರಿ ಮಾಡಿಕೊಂಡು ಹೊಸ ದಾರಕ್ಕೆ ಪೋಣಿಸಲು ಕುಳಿತೆವು. ಪ್ರತಿಯೊಂದು ಮಣಿಯನ್ನೂ ಬೇರೆಬೇರೆಯೆಂದು ಎಣಿಸಿದರೆ, ಮೇರುವನ್ನು ಸ್ಥಿರವಾಗಿಟ್ಟುಕೊಂಡು ಅವುಗಳನ್ನು ಪೋಣಿಸುವ ವಿಧಗಳ ಸಂಖ್ಯೆಗೆ 175 ಅಂಕಿಗಳಾಗುತ್ತವೆಂದು ಆಗ ನನಗೇನು ಗೊತ್ತು! ತಮ್ಮನು ಮಾತ್ರ, ಮೊದಲು ಇದ್ದ ಕ್ರಮ ತಪ್ಪಿಹೋದರೆ ಜಪ ಫಲಿಸದೇನೋ ಎಂದು ಹೆದರಿ, "ಅಜ್ಜಿ, ಯಾವುದರ ಪಕ್ಕ ಯಾವುದು ಇತ್ತು?" ಎಂದು ಕೇಳಿದನು. "ಹೇಗಾದರೂ ಪೋಣಿಸಿರೋ, ಎಲ್ಲಾ ತುಳಸಿಯೇ" ಎಂದರು ಅವರು. ಪೋಣಿಸಿ ಮುಗಿದ ಮೇಲೆ ದಪ್ಪ ಮಣಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು, ದಾರದ ಎರಡು ತುದಿಗಳನ್ನೂ ಅದರೊಳಗಿಂದ ಎಳೆದು, ಹಲ್ಲಿನಿಂದ ಕಚ್ಚಿ ಬಿಗಿದು, ಗಂಟನ್ನು ತಾವೇ ಹಾಕಿದರು.